ಎರಡು ಮಣ್ಣೆತ್ತಿನ ಅಮಾವಾಸ್ಯೆ

ನಮ್ಮ ಪ್ರೋಗ್ರಾಮಿಗೆ ಎಷ್ಟು ವಯಸ್ಸಾಯಿತು ಎಂದು ಮಾಲಕರ ಸೊಸೆ ಕೇಳಿದಳು. ನಾನು ಹನ್ನೊಂದು ವರ್ಷ ಅಂದೆ. ಮಾಲಕರು ಹದಿಮೂರು ಅಂದರು. ಕೆಳಗೆ ಮಗ್ಗದ ಮುಂದೆ ಕೂತಿದ್ದ ಅವರ ಹೆಂಡತಿ, ಯಾರೂ ಕೇಳದಿದ್ದರೂ, ‘ಎಮ್ಮಿ ಮಾರಿದ ವರ್ಷ ಕಂಪ್ಯೂಟರ್ ಬಂತು’ ಎಂದು ಕೂಗಿ ಹೇಳಿದರು. ಎಮ್ಮೆ ಮಾರಿದ್ದು ಯಾವ ವರ್ಷ ಎಂದು ಮತ್ತೆ ಅರ್ಧ ತಾಸು ಮಾತಾಯಿತು. ಸೊಸೆ ಪಾಪ, ಬರೆದುಕೊಳ್ಳಲು ಪೆನ್ನು ಹಿಡಿದು ಕೂತೇ ಇದ್ದಳು.

ಆಫೀಸು ಅಂದರೆ ಬೆಟಗೇರಿಯಲ್ಲಿ ಮಾಲಕರ ಮನೆಯ ಮೇಲಿನ ಎರಡು ಕೋಣೆ. ಕೆಳಗೆ ಅವರ ಮಗ್ಗಗಳು, ಮೇಲೆ ನಮ್ಮ ಕಂಪ್ಯೂಟರುಗಳು. ನಮ್ಮ ಪ್ರೋಗ್ರಾಂ ಮಾಡುವ ಕೆಲಸ ಒಂದೇ. ಸೀರೆಯ ದಡಿಗೆ, ಅಂದರೆ ಅಂಚಿಗೆ, ಇಂಥ ಚಿತ್ರ ಬೇಕು ಎಂದು ನಕ್ಷೆ ಕೊಟ್ಟರೆ, ಮಗ್ಗದ ಮೇಲಿನ ಜಕಾರ್ಡ್ ಯಂತ್ರದಲ್ಲಿ ತಿರುಗುವ ರಟ್ಟಿನ ಪಟ್ಟಿಗಳಿಗೆ ಎಲ್ಲೆಲ್ಲಿ ತೂತು ಹೊಡೆಯಬೇಕು ಎಂದು ಅದು ಹೇಳುತ್ತದೆ. ಲಾಳಿ ಒಂದು ಸಲ ಈ ಕಡೆಯಿಂದ ಆ ಕಡೆಗೆ ಹೋದರೆ ಒಂದು ಪಟ್ಟಿ ಮುಗಿಯಿತು. ಎಡದಡಿಗೆ ಪಟ್ಟಿಗಳ ಒಂದು ಸರ, ಬಲದಡಿಗೆ ಇನ್ನೊಂದು. ಶಿರಹಟ್ಟಿ, ಮುಂಡರಗಿ ಕಡೆಯಿಂದಲೂ ನೇಕಾರರು ನಕ್ಷೆ ತಂದು ಪಟ್ಟಿ ಒಯ್ಯುತ್ತಾರೆ.

ಈ ಪ್ರೋಗ್ರಾಂ ಬರೆದವರು ಇಬ್ಬರು. ಒಬ್ಬಳು ನಾನು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತು, ದಿನಾ ಹೊಂಬಳದಿಂದ ಬಸ್ಸಿಗೆ ಬರುತ್ತಿದ್ದವಳು. ಇನ್ನೊಬ್ಬರು ಲಕ್ಷ್ಮೇಶ್ವರದ ಆಪಾ. ಅವರ ಮನೆಮಾತಿನಲ್ಲಿ ಆಪಾ ಅಂದರೆ ಅಕ್ಕ, ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಕಂಪ್ಯೂಟರ್ ಬರುವುದಕ್ಕೆ ಮೊದಲು ಚೌಕಳಿ ಹಾಳೆಯ ಮೇಲೆ ಸೀಸದಕಡ್ಡಿಯಿಂದ ನಕ್ಷೆ ತೆಗೆಯುತ್ತಿದ್ದವರು. ಕಾಲೇಜು ಕಂಡವರಲ್ಲ. ನನ್ನ ಪುಸ್ತಕಗಳನ್ನು ಒಯ್ದು ಓದಿ ಆರು ತಿಂಗಳಲ್ಲಿ ಪ್ರೋಗ್ರಾಂ ಬರೆಯಲು ಕಲಿತರು. ಒಂದು ವರ್ಷದಲ್ಲಿ ನನ್ನ ತಪ್ಪು ತಿದ್ದಲು ಕಲಿತರು. ನನಗೆ ಹೊಟ್ಟೆಕಿಚ್ಚೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಆಪಾ ಈಗ ನಮ್ಮಲ್ಲಿಲ್ಲ. ಎಂಟು ವರ್ಷದ ಹಿಂದೆ ಕೆಲಸ ಬಿಟ್ಟುಹೋದರು. ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ, ಆದರೆ ಎಲ್ಲಿಂದ ಹಿಡಿದು ಹೇಳಬೇಕೋ ಇನ್ನೂ ಸರಿಯಾಗಿ ತಿಳಿದಿಲ್ಲ.

ಮಾಲಕರ ಸೊಸೆ ಮುಂಡರಗಿಯ ಹುಡುಗಿ. ಇಂಜಿನಿಯರಿಂಗ್ ಓದಿದವಳು. ಮದುವೆಯಾಗಿ ಬಂದು ಎರಡು ತಿಂಗಳಿಗೆ ಮೇಲೆ ಬಂದು ನಮ್ಮ ಕಂಪ್ಯೂಟರ್ ನೋಡಿದಳು. ನೋಡಿ ತಲೆ ಮೇಲೆ ಕೈ ಹೊತ್ತಳು.

“ಅಕ್ಕಾರ, ಇದೇನ್ರಿ ಇದು? ಒಂದ ಪ್ರೋಗ್ರಾಮಿಗೆ ನೂರಾರು ಫೋಲ್ಡರ್ ಅದಾವಲ್ರಿ!”

“ಅಮಾಸಿಗೊಂದು” ಅಂದೆ ನಾನು.

ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನಿದೆ ಎಂದು ನನಗೆ ಅವತ್ತು ತಿಳಿಯಲಿಲ್ಲ. ಅಮಾವಾಸ್ಯೆಗೆ ಬೆಟಗೇರಿಯಲ್ಲಿ ಮಗ್ಗ ನಿಲ್ಲುತ್ತವೆ. ನೇಕಾರರು ಯಾರೂ ಬರುವುದಿಲ್ಲ. ಕೆಳಗೆ ಮಗ್ಗಕ್ಕೆ ಪೂಜೆ, ಮೇಲೆ ಕಂಪ್ಯೂಟರಿಗೂ ಒಂದು ಊದಿನಕಡ್ಡಿ. ಆಮೇಲೆ ಅವತ್ತಿನವರೆಗಿನ ಪ್ರೋಗ್ರಾಮನ್ನು ಇಡಿಯಾಗಿ ನಕಲು ಮಾಡಿ, ಹೊಸ ಫೋಲ್ಡರಿನಲ್ಲಿಟ್ಟು, ಅದಕ್ಕೆ ಆ ಅಮಾವಾಸ್ಯೆಯ ಹೆಸರಿಡುತ್ತಿದ್ದೆವು. ಎಳ್ಳ ಅಮಾವಾಸ್ಯೆ, ಅವರಾತ್ರಿ, ಶಿವರಾತ್ರಿ, ಯುಗಾದಿ, ಬಾದಾಮಿ, ಮಣ್ಣೆತ್ತಿನದು, ನಾಗರದು, ಬೆನಕನದು. ಏನಾದರೂ ಕೆಟ್ಟರೆ ‘ನಾಗರ ಅಮಾಸ್ಯಾಗ ಸರಿ ಇತ್ತು, ಬೆನಕನ ಅಮಾಸ್ಯಾಗ ಕೆಟ್ಟೈತಿ’ ಎಂದು ಹಿಂದಕ್ಕೆ ಹೋಗಿ ನೋಡುತ್ತಿದ್ದೆವು. ವರ್ಷ ಮಾತ್ರ ಬರೆಯುತ್ತಿರಲಿಲ್ಲ. ಆ ವರ್ಷ ಯಾವುದೆಂದು ಆ ವರ್ಷ ಎಲ್ಲರಿಗೂ ಗೊತ್ತೇ ಇರುತ್ತಿತ್ತಲ್ಲ.

ಸೊಸೆ ಹೊಸ ವ್ಯವಸ್ಥೆ ತಂದಳು. ಅದರ ಹೆಸರು ಗಿಟ್. ನಕಲು ಮಾಡುವುದೇ ಬೇಡ. ಯಾರು, ಯಾವತ್ತು, ಯಾವ ಸಾಲು, ಯಾಕೆ ಬದಲಿಸಿದರು ಎಂದು ಅದೇ ಬರೆದಿಟ್ಟುಕೊಳ್ಳುತ್ತದೆ. ಹಳೆಯ ಫೋಲ್ಡರುಗಳನ್ನೂ ಒಂದರ ಮೇಲೊಂದು ಅದಕ್ಕೆ ತಿನ್ನಿಸಿದರೆ ಹಿಂದಿನ ಚರಿತ್ರೆಯೆಲ್ಲ ಅದರೊಳಗೆ ಕೂಡುತ್ತದೆ. ಷರತ್ತು ಎರಡು. ಫೋಲ್ಡರುಗಳನ್ನು ಸರಿಯಾದ ಕ್ರಮದಲ್ಲಿ ಕೊಡಬೇಕು. ಪ್ರತಿಯೊಂದು ಬದಲಾವಣೆಗೂ ಮಾಡಿದವರ ಹೆಸರು ಕೊಡಬೇಕು. ಹೆಸರಿಲ್ಲದೆ ಅದು ಮುಂದಕ್ಕೆ ಹೋಗುವುದಿಲ್ಲ. ‘ಒಮ್ಮೆ ಕೂತ ಮ್ಯಾಲೆ ತಿದ್ದೂದು ಬಾಳ ತ್ರಾಸ ಐತ್ರಿ, ಅದಕ್ಕ ಮೊದಲಽ ನೋಡಿ ಕೊಡ್ರಿ’ ಎಂದು ಸೊಸೆ ನನಗೆ ಹೇಳಿದಳು. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಬಾಳು ಅಂದುಕೊಂಡೆ. ಅವಳ ಮುಂದೆ ಅನ್ನಲಿಲ್ಲ. ಅಂದಿದ್ದರೂ ಅವಳು ನಗುತ್ತಿದ್ದಳು, ಅಂಥ ಹುಡುಗಿ.

ಮೂರು ವಾರ ಬರೀ ಕ್ರಮ ಹಚ್ಚುವುದೇ ಆಯಿತು. ಫೋಲ್ಡರಿನ ಮೇಲೆ ದಿನಾಂಕ ಇರುತ್ತದಲ್ಲ ಎಂದರೆ, ನಡುವೆ ಒಮ್ಮೆ ಕಂಪ್ಯೂಟರ್ ಬದಲಿಸಿದಾಗ ಹಳೆಯದರಲ್ಲಿದ್ದದ್ದನ್ನೂ ಪೆನ್‌ಡ್ರೈವುಗಳಲ್ಲಿದ್ದದ್ದನ್ನೂ ಒಂದೇ ದಿನ ಹೊಸದಕ್ಕೆ ಸುರಿದಿದ್ದೆವು. ಎಲ್ಲದರ ಮೇಲೂ ಆ ಸುರಿದ ದಿನದ ದಿನಾಂಕವೇ ಬಿದ್ದಿತ್ತು. ಏಳು ಎಳ್ಳ ಅಮಾವಾಸ್ಯೆಗಳನ್ನು ಮುಂದಿಟ್ಟುಕೊಂಡು, ಯಾವುದರಲ್ಲಿ ನವಿಲಿನ ದಡಿ ಇದೆ, ಯಾವುದರಲ್ಲಿ ಇಲ್ಲ ಎಂದು ನೋಡಿ ನೋಡಿ ವರ್ಷ ಗುರುತಿಸುತ್ತಿದ್ದೆ. ಊಟಕ್ಕೆ ಕೂತಾಗಲೂ ಕಣ್ಣ ಮುಂದೆ ಅಮಾವಾಸ್ಯೆಗಳೇ.

ಒಂದು ಮಧ್ಯಾಹ್ನ ಸೊಸೆ ತನ್ನ ಕಂಪ್ಯೂಟರಿನಿಂದ ತಲೆ ಎತ್ತಿ ಕೇಳಿದಳು.

“ಅಕ್ಕಾರ, ಇಷ್ಟ ಫೋಲ್ಡರ್ ಹುಡುಕಿದ್ರೂ ಒಬ್ಬರ ಹೆಸರೂ ಎಲ್ಲೂ ಇಲ್ಲ. ಇದೊಂದರಾಗ ಮಾತ್ರ ಸಿಕ್ತ ನೋಡ್ರಿ. ಆಪಾ ಅಂದ್ರ ಯಾರ್ರಿ?”

ಒಂದು ಮಣ್ಣೆತ್ತಿನ ಅಮಾವಾಸ್ಯೆಯ ಫೋಲ್ಡರಿನಲ್ಲಿ ಮಾಲಕರು ಬರೆದಿಟ್ಟ ಚೀಟಿಯಂಥ ಸಣ್ಣ ಫೈಲು ಅದು. ‘ಇದು ಆಪಾ ಕೆಡಿಸಿದ್ದು. ಇದರಿಂದ ಪಟ್ಟಿ ತೆಗೆಯಬಾರದು.’ ಅಷ್ಟೇ.

ಆಪಾ ಕಂಪ್ಯೂಟರಿಗೂ ಮೊದಲಿನಿಂದ ಆರು ವರ್ಷ ಅಲ್ಲಿ ಕೂತು ಕೆಲಸ ಮಾಡಿದವರು. ಅರ್ಧ ಪ್ರೋಗ್ರಾಂ ಅವರ ಕೈಯದು. ಹೊಸ ಚರಿತ್ರೆಯಲ್ಲಿ ಅವರ ಹೆಸರು ಒಂದೇ ಕಡೆ ಕೂಡಲಿತ್ತು, ಅದೂ ಕೆಡಿಸಿದ್ದಕ್ಕೆ.

ಆ ಸಂಗತಿ ಹೀಗೆ. ಬೆಟಗೇರಿಯಲ್ಲೇ ಎರಡು ಓಣಿ ಆಚೆ ಒಬ್ಬ ನೇಕಾರರ ಹೆಂಗಸು ಇದ್ದಾರೆ. ಚಿಕ್ಕಮ್ಮ ಎಂಬಂತೆ ನಾನು ಕಾಕೂ ಎಂದೇ ಕರೆಯುವುದು. ಅವರು ತಮ್ಮ ಮಗಳ ಮದುವೆಗೆ ತಾವೇ ಸೀರೆ ನೇಯಬೇಕೆಂದು ಗೋಪುರದ ಸಾಲಿನ ದಡಿ ಆರಿಸಿ, ನಮ್ಮಿಂದ ಪಟ್ಟಿ ತೆಗೆಸಿಕೊಂಡು ಹೋದರು. ಒಂದು ಗೋಪುರಕ್ಕೆ ನೂರಾ ಇಪ್ಪತ್ತು ಪಟ್ಟಿ. ಎಡದ ಸರದಲ್ಲಿ ನೂರಾ ಇಪ್ಪತ್ತು ಇದ್ದವು. ಬಲದ ಸರದಲ್ಲಿ ನೂರಾ ಹತ್ತೊಂಬತ್ತು. ಅದು ಯಾರಿಗೂ ಗೊತ್ತಿಲ್ಲ. ಒಂದೊಂದು ಗೋಪುರಕ್ಕೂ ಬಲಗಡೆ ಒಂದು ಎಳೆ ಮುಂದೆ ಸರಿಯಿತು. ಒಂದು ಎಳೆ ಯಾರ ಕಣ್ಣಿಗೆ ಬೀಳಬೇಕು? ನೇಯ್ದದ್ದು ಸುತ್ತಿಕೊಳ್ಳುತ್ತ ಹೋಗುತ್ತದೆ, ಎದುರಿಗೆ ಇರುವುದು ಒಂದು ಮೊಳ. ಸೀರೆ ಇಳಿಸಿ, ಮಡಿಕೆ ಹಾಕಲು ದಡಿಗೆ ದಡಿ ಜೋಡಿಸಿದಾಗ ಕಂಡಿತು. ನಡುಸೀರೆಯಲ್ಲಿ ಎಡಗಡೆಯ ಗೋಪುರದ ಎದುರಿಗೆ ಬಲಗಡೆ ಬರೀ ಸಂದು. ಕಾಕೂ ಸೀರೆ ಹೊತ್ತುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದು ನೆಲದ ಮೇಲೆ ಹಾಸಿಬಿಟ್ಟರು. ಬೈಯಲಿಲ್ಲ. ಅಳುತ್ತಿದ್ದರು. ಇನ್ನೊಂದು ನೇಯಲು ದಿನ ಉಳಿದಿರಲಿಲ್ಲ. ಮಗಳು ಅಂಗಡಿಯ ಸೀರೆ ಉಟ್ಟು ಅಕ್ಷತೆ ಹಾಕಿಸಿಕೊಂಡಳು.

ಮಾಲಕರು ಅವತ್ತೇ ಹುಡುಕಿಸಿದರು. ತಪ್ಪು ಸಾಲು ಮಣ್ಣೆತ್ತಿನ ಅಮಾವಾಸ್ಯೆಯ ಫೋಲ್ಡರಿನಲ್ಲಿ ಸಿಕ್ಕಿತು. ಮಣ್ಣೆತ್ತಿನ ಅಮಾವಾಸ್ಯೆಗೆ ನಾನು ರಜೆ ಹಾಕಿ ಊರಲ್ಲಿದ್ದೆ. ಆಪಾ ಒಬ್ಬರೇ ಆಫೀಸಿನಲ್ಲಿದ್ದರು. ಲೆಕ್ಕ ಮುಗಿಯಿತು. ಕಾಕೂ ಎದುರಿಗೇ ಮಾಲಕರು ಕೇಳಿದರು, ಆಪಾ ತಲೆ ತಗ್ಗಿಸಿ ಏನೋ ಅಂದರು, ಕಾಕೂ ಅವರನ್ನು ನೋಡಿದ ನೋಟ ನನಗೆ ಇವತ್ತಿಗೂ ಮರೆತಿಲ್ಲ. ಯಾರೂ ಕೆಲಸ ಬಿಡಿ ಎಂದು ಹೇಳಲಿಲ್ಲ. ಮರುದಿನದಿಂದ ಆಪಾ ತಾವೇ ಬರಲಿಲ್ಲ. ನಾನು ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ಮಾಡಲಿಲ್ಲ.

ಸೊಸೆಗೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿ, “ಹಂಗಾರ ಅವರ ಹೆಸರು ಹಾಕಲೇನ್ರಿ ಇದಕ್ಕ?” ಅಂದಳು.

“ತಡಿಯವಾ” ಅಂದೆ. ಯಾಕೆ ತಡೆ ಅಂದೆನೋ ನನಗೇ ಗೊತ್ತಿಲ್ಲ. ಕೂತು ಆ ಫೋಲ್ಡರು ತೆರೆದೆ. ಆಗ ಕಂಡಿತು. ಆ ವರ್ಷದ ಗುಂಪಿನಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಒಂದಲ್ಲ, ಎರಡಿದ್ದವು.

ಒಂದು ಹಳೆಯ ಕಂಪ್ಯೂಟರಿನಿಂದ ಬಂದದ್ದು, ಒಂದು ಪೆನ್‌ಡ್ರೈವಿನಿಂದ ಬಂದದ್ದು. ಎರಡೂ ಒಂದೇ ಇರಬೇಕೆಂದು ಹೋಲಿಸಿ ನೋಡಿದೆ. ಇರಲಿಲ್ಲ. ಒಂದರಲ್ಲಿ ಆ ಸಾಲು ಸರಿಯಿತ್ತು. ಇನ್ನೊಂದರಲ್ಲಿ, ಚೀಟಿ ಇದ್ದದ್ದರಲ್ಲಿ, ತಪ್ಪಾಗಿತ್ತು. ಒಂದು ವರ್ಷದಲ್ಲಿ ಎರಡು ಮಣ್ಣೆತ್ತಿನ ಅಮಾವಾಸ್ಯೆ ಎಲ್ಲಿಂದ ಬರಬೇಕು?

ಹೊಂಬಳಕ್ಕೆ ಅವ್ವನಿಗೆ ಫೋನು ಹಚ್ಚಿದೆ. ಹಬ್ಬಹರಿದಿನದ ವಿಷಯದಲ್ಲಿ ನಮ್ಮ ಮನೆಗೆ ಪಂಚಾಂಗ ಬೇಡ, ಅವ್ವ ಇದ್ದರೆ ಸಾಕು.

“ಅವ್ವಾ, ನಾ ರಜಾ ಹಾಕಿ ಹಬ್ಬದ ಹೋಳಿಗಿ ತಿಂದು ಹೊಟ್ಟಿ ಕೆಡಿಸ್ಕೊಂಡ ವರ್ಷ ಮಣ್ಣೆತ್ತಿನ ಅಮಾಸಿ ಎಷ್ಟ ಸಲ ಬಂದಿತ್ತು?”

“ಹುಚ್ಚಿ ಅದೀಯೇನ ನೀ? ಮಣ್ಣೆತ್ತಿನ ಅಮಾಸಿ ಎರಡ ಸಲ ಬರತೈತೇನು? ಅದು ಅಧಿಕ ಮಾಸದ ವರ್ಷ. ಅಧಿಕದ ಅಮಾಸಿಗೆ ಹಬ್ಬ ಇಲ್ಲ. ಮುಂದಿನ ಅಮಾಸಿಗೆ ಎತ್ತು ಮಾಡಿದ್ವಿ, ಅದಕ್ಕ ನೀ ರಜಾ ಹಾಕಿ ಮನ್ಯಾಗ ಇದ್ದಿ.”

“ಅಧಿಕದ ಅಮಾಸಿಗೆ ನಾ ಎಲ್ಲಿದ್ದೆ?”

“ನಿನ್ನ ಆಫೀಸಿನ್ಯಾಗ. ಆ ಆಪಾ ರಮಜಾನಿಗೆ ರಜಾ ಹಾಕ್ಯಾಳ, ಎಲ್ಲಾ ನನ್ನ ತಲಿ ಮ್ಯಾಲೆ ಬಿದ್ದೈತಿ ಅಂತ ದಿನಾ ಬಂದು ನನ್ನ ತಲಿ ತಿಂತಿದ್ದೆಲ್ಲ.”

ಫೋನು ಇಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನೂ ಮುಟ್ಟಿ ನೋಡಿಕೊಂಡೆ, ಖರೆ. ಅಧಿಕ ಮಾಸದ ಅಮಾವಾಸ್ಯೆಗೆ ಆಫೀಸಿನಲ್ಲಿ ನಾನೊಬ್ಬಳೇ. ಫೋಲ್ಡರಿಗೆ ಹೆಸರಿಟ್ಟವಳೂ ನಾನೇ. ಬಾದಾಮಿ ಆದ ಮೇಲೆ ಮಣ್ಣೆತ್ತಿನದು ಎಂದು ಪ್ರತಿ ವರ್ಷದ ರೂಢಿಯಂತೆ ಬರೆದುಬಿಟ್ಟಿರಬೇಕು. ಅಧಿಕದ ನೆನಪೇ ಬಂದಿಲ್ಲ. ಮುಂದಿನ ತಿಂಗಳು ನಾನು ಊರಲ್ಲಿದ್ದಾಗ ಆಪಾ ಸರಿಯಾಗಿಯೇ ಮಣ್ಣೆತ್ತಿನದು ಎಂದು ಬರೆದಿದ್ದಾರೆ. ಒಂದು ನನ್ನದು, ಒಂದು ಅವರದು. ಹೊರಗಿನಿಂದ ಗುರುತು ಇಲ್ಲ.

ಸರಿ ಇದ್ದದ್ದು ಮೊದಲು, ತಪ್ಪು ಆಮೇಲೆ ಅಂದರೆ ಆಪಾ ಕೆಡಿಸಿದ್ದು. ತಪ್ಪು ಮೊದಲು, ಸರಿ ಆಮೇಲೆ ಅಂದರೆ ನಾನು ಕೆಡಿಸಿದ್ದು, ಆಪಾ ಬಂದು ತಿದ್ದಿದ್ದು, ನಡುವಿನ ತಿಂಗಳಲ್ಲಿ ಕಾಕೂಗೆ ಪಟ್ಟಿ ಹೋದದ್ದು. ಎರಡೂ ಆಗಬಹುದಿತ್ತು. ನಾಲ್ಕು ದಿನ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ನಾನು ಆ ಸಾಲು ಮುಟ್ಟಿದ ನೆನಪಿಲ್ಲ. ಮುಟ್ಟಿಲ್ಲ ಎಂಬ ನೆನಪೂ ಇಲ್ಲ. ಬೆಳಿಗ್ಗೆ ಅವರದೇ ಅನಿಸುತ್ತಿತ್ತು, ಸಂಜೆ ಬಸ್ಸಿನಲ್ಲಿ ನನ್ನದೇ ಅನಿಸುತ್ತಿತ್ತು. ನನ್ನದಲ್ಲ ಎಂದು ಸಾಬೀತಾಗಲಿ ಎಂದು ಬೇಡಿಕೊಂಡದ್ದೂ ಉಂಟು. ಸೊಸೆ ಪ್ರತಿದಿನ ಕೇಳುತ್ತಿದ್ದಳು, “ಯಾರ ಹೆಸರ್ರಿ ಅಕ್ಕಾರ?” ಒಂದು ದಿನ ಸಿಟ್ಟಿಗೆದ್ದು, “ನಿಮ್ಮ ಮಾವನ ಹೆಸರು ಹಾಕು” ಅಂದುಬಿಟ್ಟೆ. ಆಮೇಲೆ ಕ್ಷಮೆ ಕೇಳಿದೆ.

ಮಾಲಕರಿಗೂ ಹೇಳಿದೆ. ಅವರು ಕೈ ಬೀಸಿದರು. “ಎಂಟು ವರ್ಷ ಆತು. ಆಕಿನೂ ಇಲ್ಲ, ಆ ಸೀರಿನೂ ಇಲ್ಲ. ಯಾರರ ಹೆಸರು ಹಾಕಿ ಮುಗಿಸ್ರಿ.”

ಐದನೆಯ ದಿನ ರವಿವಾರ. ತಪ್ಪಿದ್ದ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಲಕ್ಷ್ಮೇಶ್ವರಕ್ಕೆ ಹೊರಟೆ. ತಲೆ ಎಲ್ಲಿತ್ತೋ, ಗದಗಿನಲ್ಲಿ ಬೋರ್ಡು ಓದದೆ ಶಿರಹಟ್ಟಿ ಬಸ್ಸು ಹತ್ತಿದೆ. ಕಂಡಕ್ಟರು, “ಲಕ್ಷ್ಮೇಶ್ವರದ್ದು ಬ್ಯಾರೇ ಗಾಡಿ ಹಿಂದ ನಿಂತಿತ್ತಲ್ರಿ, ಇದನ್ಯಾಕ ಹತ್ತಿದ್ರಿ?” ಎಂದು ಬೈದ. ಶಿರಹಟ್ಟಿಯಲ್ಲಿ ಇಳಿದು ಮುಕ್ಕಾಲು ತಾಸು ಕಾದು ಮತ್ತೊಂದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಳ್ಳುತ್ತಿದ್ದೆ. ನೀವು ಅಂತಲೂ ಇರಬಹುದು, ನಾನು ಅಂತಲೂ ಇರಬಹುದು. ಇದನ್ನು ಹೇಗೆ ಹೇಳಿದರೂ ಚೆನ್ನಾಗಿ ಕೇಳಿಸಲಿಲ್ಲ.

ಆಪಾ ಅಲ್ಲಿ ಒಂದು ಸಣ್ಣ ಅಂಗಡಿ ಇಟ್ಟಿದ್ದಾರೆ. ಆನ್‌ಲೈನ್ ಅರ್ಜಿ ತುಂಬಿಕೊಡುತ್ತಾರೆ, ಝೆರಾಕ್ಸ್ ತೆಗೆಯುತ್ತಾರೆ. ಕೂದಲು ನೆರೆತಿತ್ತು, ಕನ್ನಡಕ ಬಂದಿತ್ತು. ಒಬ್ಬ ಮುದುಕರಿಗೆ ಝೆರಾಕ್ಸ್ ಹಾಳೆ ಎಣಿಸಿ ಕೊಡುತ್ತಿದ್ದರು. ಎಣಿಸಿದರು, ಮತ್ತೆ ಮೊದಲಿಂದ ಎಣಿಸಿದರು, ಮುದುಕರಿಗೂ ಎಣಿಸಲು ಹೇಳಿದರು. ಮೂರೇ ಹಾಳೆ. ನಾನು ಹೊರಗೆ ನಿಂತು ನೋಡುತ್ತಿದ್ದೆ.

“ಬಾ, ಹೊರಗ್ಯಾಕ ನಿಂತಿ” ಅಂದರು ನನ್ನನ್ನು ಕಂಡು. ನಿನ್ನೆ ಸಂಜೆಯಷ್ಟೇ ಆಫೀಸಿನಿಂದ ಎದ್ದು ಹೋದವರ ಹಾಗೆ. ಕುರ್ಚಿ ಕೊಟ್ಟರು, ಚಹಾ ತರಿಸಿದರು. ನಾನು ಹೊಂದಿಸಿಕೊಂಡ ಮಾತು ಒಂದೂ ಬಾಯಿಗೆ ಬರಲಿಲ್ಲ. ಹೊಸ ವ್ಯವಸ್ಥೆ, ಅಧಿಕ ಮಾಸ, ಎರಡು ಫೋಲ್ಡರು, ಎಲ್ಲವನ್ನೂ ಹಿಂದುಮುಂದಾಗಿ ಹೇಳಿ, ಕೊನೆಗೆ, “ಅದು ನಾನೂ ಇರಬಹುದ್ರಿ ಆಪಾ” ಅಂದೆ.

ಅವರು ಚಹಾದ ಕಪ್ಪು ಕೆಳಗಿಟ್ಟರು.

“ಇರಬಹುದು ಅಂತ ಹೇಳಾಕ ಇಷ್ಟ ದೂರ ಬಂದಿಯಾ?”

ನಾನು ಚೀಲದಿಂದ ಪೆನ್‌ಡ್ರೈವ್ ತೆಗೆದು ಕೈಯಲ್ಲಿ ಹಿಡಿದೆ.

“ಅವತ್ತ ಮಾಲಕರು ಕೇಳಿದಾಗ ನಾನೂ ಅದನ್ನಽ ಅಂದಿದ್ದೆ. ನಾನಽ ಇರಬಹುದ್ರಿ ಅಂದೆ. ಅದನ್ನ ನೀವೆಲ್ಲಾರೂ ಹೌದು ಅಂತ ತಿಳ್ಕೊಂಡ್ರಿ. ಹೋಗ್ತ ಹೋಗ್ತ ನಾನೂ ಹೌದು ಅಂತ ತಿಳ್ಕೊಂಡೆ. ಎಂಟು ವರ್ಷ ಒಂದ ಸಾಲು ಪ್ರೋಗ್ರಾಂ ಬರದಿಲ್ಲ ನಾನು. ಬರಿಯೂದು ಹೋಗಲಿ, ನಾಕು ಹಾಳಿ ಎಣಿಸಬೇಕಂದ್ರೂ ಎರಡೆರಡ ಸಲ ಎಣಿಸ್ತೀನಿ.”

ದನಿ ಏರಿರಲಿಲ್ಲ. ಏರಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ನನಗೆ ಬಹಳ ನಾಚಿಕೆಯಾಯಿತು, ಜೊತೆಗೆ ಇನ್ನೂ ಒಂದು ಆಸೆ ಉಳಿದಿತ್ತು, ಅದು ನನ್ನದಲ್ಲದಿರಲಿ ಎಂದು. ಎರಡೂ ಒಟ್ಟಿಗೇ ಇದ್ದವು.

“ಕೊಡು ಇಲ್ಲೆ” ಎಂದು ಕೈ ಚಾಚಿದರು. ಪೆನ್‌ಡ್ರೈವ್ ಕೊಟ್ಟೆ. ಅಂಗಡಿಯ ಕಂಪ್ಯೂಟರಿಗೆ ಹಾಕಿ, ಕನ್ನಡಕ ಸರಿಮಾಡಿಕೊಂಡು, ಸಾಲು ಸಾಲಾಗಿ ಕೆಳಗಿಳಿಯುತ್ತ ಹೋದರು. ನಡುವೆ ಒಮ್ಮೆ ನಕ್ಕರು. ‘ಇದು ನವಿಲಿನ ಬಾಲದ್ದು, ನಂದು’ ಅಂದರು. ‘ಇದು ನಿಂದು, ಉದ್ದನ್ನ ಹೆಸರು ಇಡಾಕಿ ನೀನಽ’ ಅಂದರು. ನನಗಿಂತ ಚೆನ್ನಾಗಿ ಅವರಿಗೆ ಗುರುತಿತ್ತು. ಬಲದಡಿಯ ಸಾಲು ಬಂತು. ಅಲ್ಲಿ ನಿಂತರು. ಬಹಳ ಹೊತ್ತು ನಿಂತರು. ಗಿರಾಕಿಯೊಬ್ಬ ಬಂದು ಕರೆದ, ತಿರುಗಿ ನೋಡಲಿಲ್ಲ, ಅವನು ಹೋದ.

“ನೀ ಎಣಿಕಿ ಎಲ್ಲಿಂದ ಶುರು ಮಾಡ್ತಿದ್ದಿ?” ಎಂದು ಕೇಳಿದರು.

“ಸೊನ್ನಿಯಿಂದ.” ಕಾಲೇಜಿನಲ್ಲಿ ಹಾಗೇ ಕಲಿಸಿದ್ದರು. ನೂರಾ ಇಪ್ಪತ್ತು ಪಟ್ಟಿ ಬೇಕೆಂದರೆ ನಾನು ಸೊನ್ನೆಯಿಂದ ನೂರಾ ಹತ್ತೊಂಬತ್ತರವರೆಗೆ ಎಂದು ಬರೆಯುತ್ತಿದ್ದೆ.

“ನಾ ಒಂದರಿಂದ. ಚೌಕಳಿ ಹಾಳ್ಯಾಗ ಎಣಿಸಿ ಬಂದಾಕಿ, ಸೊನ್ನಿ ಮನಿ ಅಂತ ಎಲ್ಲಿಂದ ತರಲಿ ನಾ? ಒಂದರಿಂದ ನೂರಾ ಇಪ್ಪತ್ತು. ಈಗ ಇದನ್ನ ಓದು.”

ಓದಿದೆ. ಒಂದರಿಂದ ನೂರಾ ಹತ್ತೊಂಬತ್ತರವರೆಗೆ, ಎಂದಿತ್ತು.

ತಲೆ ಅವರದು, ಬಾಲ ನನ್ನದು. ಆಪಾ ಸರಿಯಾಗಿ ಬರೆದು ರಮಜಾನಿಗೆ ಮನೆಗೆ ಹೋಗಿದ್ದಾರೆ. ನಾನು ಕೂತು ಓದುತ್ತ, ನೂರಾ ಇಪ್ಪತ್ತು ಎಂಬುದನ್ನು ಕಂಡು, ಆಪಾ ಒಂದು ಹೆಚ್ಚು ಹಾಕಿದ್ದಾರೆ, ಕಾಲೇಜು ಕಲಿತಿದ್ದರೆ ಗೊತ್ತಿರುತ್ತಿತ್ತು ಎಂದುಕೊಂಡು, ಮೊದಲಿನ ಒಂದನ್ನು ನೋಡದೆ ಕೊನೆಯದನ್ನು ಮಾತ್ರ ‘ತಿದ್ದಿದ್ದೇನೆ’. ಅವರ ಕೈಯಿಂದ ಆ ಹತ್ತೊಂಬತ್ತು ಬರಲು ಸಾಧ್ಯವೇ ಇಲ್ಲ. ಇನ್ನೊಂದು ಫೋಲ್ಡರಿನಲ್ಲಿ ಅದು ನೂರಾ ಇಪ್ಪತ್ತಾಗಿತ್ತು, ಅಂದರೆ ಹಬ್ಬ ಮುಗಿಸಿ ಬಂದ ಮೇಲೆ ಅವರು ಅದನ್ನು ಸರಿಮಾಡಿದ್ದಾರೆ. ಕ್ರಮ ತಾನಾಗಿಯೇ ಬಿತ್ತು. ತಪ್ಪು ಮೊದಲು, ಸರಿ ಆಮೇಲೆ.

“ತಿದ್ದಿದ್ದು ನಿಮಗ ನೆನಪಿಲ್ಲೇನ್ರಿ?” ಅಂದೆ.

“ನಿನ್ನವು ದಿನಕ್ಕ ಹತ್ತು ತಿದ್ದತಿದ್ದೆ. ಯಾವದಂತ ನೆನಪಿಡ್ಲಿ? ಅವತ್ತ ಮಾಲಕರು ತೋರಿಸಿದಾಗ ಶುರುವಿನ ಒಂದು ನೋಡಿದೆ. ನನ್ನ ಕೈ ಐತಿ ಅನ್ನಿಸ್ತು. ಮುಂದ ನೋಡಲಿಲ್ಲ.”

ನಾನು ಅವತ್ತು ಕೊನೆಯ ಹತ್ತೊಂಬತ್ತು ನೋಡಿದ್ದೆ. ರೂಢಿಯ ಅಂಕಿ, ಅದರಲ್ಲಿ ತಪ್ಪು ಕಂಡಿರಲಿಲ್ಲ. ಅದರ ಹಿಂದಿನ ಒಂದನ್ನು ನಾನು ನೋಡಲಿಲ್ಲ.

“ತಪ್ಪಾತ್ರಿ ಆಪಾ” ಅಂದೆ. ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. ಮಾಡಬೇಕಾದದ್ದೂ ಇರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಸಾವರಿಸಿಕೊಂಡು, ಹೊಸ ವ್ಯವಸ್ಥೆಯಲ್ಲಿ ಇದನ್ನು ನನ್ನ ಹೆಸರಿಗೆ ಹಾಕುತ್ತೇನೆ, ನವಿಲು, ಗೋಪುರ, ಮೊಗ್ಗಿನ ಸಾಲು, ನೀವು ಬರೆದದ್ದನ್ನೆಲ್ಲ ನಿಮ್ಮ ಹೆಸರಿಗೆ ಹಾಕುತ್ತೇನೆ, ಒಮ್ಮೆ ಕೂತರೆ ಅದು ಅಳಿಸುವುದಿಲ್ಲ, ಎಂದೆಲ್ಲ ಉತ್ಸಾಹದಿಂದ ಹೇಳಿದೆ. ಆಪಾ ಕೇಳಿದರು. ಪೆನ್‌ಡ್ರೈವ್ ತೆಗೆದು ನನ್ನ ಕೈಗಿಟ್ಟರು.

“ಹಾಕು, ಬ್ಯಾಡ ಅನ್ನೂದಿಲ್ಲ. ಆದ್ರ ಅದನ್ನ ನೋಡಾವರು ಯಾರು? ನೀನು, ಮಾಲಕರ ಸೊಸಿ, ಇಬ್ಬರು. ನನ್ನ ಹೆಸರು ಕೆಟ್ಟಿದ್ದು ಕಂಪ್ಯೂಟರಿನ್ಯಾಗ ಅಲ್ಲವಾ, ಬೆಟಗೇರಿ ಓಣ್ಯಾಗ. ಅಲ್ಲಿ ಹೇಳು.”

ಮೂರು ವಾರ ಹೆಸರು, ಕ್ರಮ, ಚರಿತ್ರೆ ಎಂದು ತಲೆ ಕೆಡಿಸಿಕೊಂಡಿದ್ದ ನನಗೆ ಇದು ಒಂದು ಸಲವೂ ಹೊಳೆದಿರಲಿಲ್ಲ.

ಸೋಮವಾರ ಬೆಳಿಗ್ಗೆ ಸೊಸೆಯ ಪಕ್ಕ ಕೂತು ಹೆಸರುಗಳನ್ನು ಹಾಕಿದೆ. ಬಲದಡಿಯ ಸಾಲಿಗೆ ನನ್ನ ಹೆಸರು ಬರೆದು, ಕಾರಣದ ಜಾಗದಲ್ಲಿ ‘ಸರಿ ಇದ್ದದ್ದನ್ನು ತಿಳಿಯದೆ ಕೆಡಿಸಿದ್ದು’ ಎಂದು ಬರೆದೆ. ಮಾಲಕರು ಹಿಂದೆ ನಿಂತು ಓದಿದರು. ಆಮೇಲೆ ಕೆಳಗೆ ಇಳಿದು ಹೋದರು. ಚೀಟಿಯನ್ನು ಸೊಸೆ ತಾನೇ ತೆಗೆದುಹಾಕಿದಳು. ಅದು ಅರ್ಧ ತಾಸಿನ ಕೆಲಸ. ಅಲ್ಲಿಂದ ಕಾಕೂ ಮನೆಗೆ ಹತ್ತು ನಿಮಿಷದ ದಾರಿ, ನನಗೆ ಅಲ್ಲಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಒಮ್ಮೆ ಅವರ ಬಾಗಿಲ ಮುಂದೆಯೇ ಹಾದು ಮುಂದಿನ ಓಣಿಯವರೆಗೆ ಹೋಗಿ ತಿರುಗಿ ಬಂದೆ.

ಕಾಕೂ ಮಗ್ಗದ ಮೇಲಿದ್ದರು. “ಬಾರವಾ, ಕುಂಡ್ರು” ಅಂದರು ಲಾಳಿ ನಿಲ್ಲಿಸದೆ. ಕೂಡಲಿಲ್ಲ. ನಿಂತೇ ಹೇಳಿದೆ. ಸೊನ್ನೆ, ಒಂದು, ಅಧಿಕ ಮಾಸ ಯಾವುದನ್ನೂ ಹೇಳಲಿಲ್ಲ. “ನಿಮ್ಮ ಮಗಳ ಸೀರಿ ಕೆಡಿಸಿದ್ದು ಆಪಾ ಅಲ್ರಿ ಕಾಕೂ. ನಾನು. ಆಪಾ ಸರಿ ಬರದಿದ್ರು, ನಾ ಕೆಡಿಸಿದೆ” ಅಂದೆ.

ಲಾಳಿ ನಿಂತಿತು. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದೆ.

“ಹಂಗಾರ ಆಕಿ ಅಲ್ಲಾ?” ಅಂದರು.

“ಅಲ್ರಿ.”

“ಹೋದ ವರ್ಷ ಲಕ್ಷ್ಮೇಶ್ವರ ಬಸ್‌ಸ್ಟ್ಯಾಂಡಿನ್ಯಾಗ ಸಿಕ್ಕಿದ್ಲು. ತಾನಽ ಹತ್ರ ಬಂದು, ಆರಾಮ ಅದೀರೇನ್ರಿ, ಮಗಳು ಹೆಂಗದಾಳ್ರಿ ಅಂದ್ಲು. ನಾ ಮಾರಿ ತಿರುವಿ ಬಸ್ ಹತ್ತಿದೆ.” ಕಾಕೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. “ಎಲ್ಲಾರ ಮುಂದೂ ಹೇಳೀನಿ ನಾ, ಆಕಿ ಕೈಗುಣ ಛಲೋ ಇಲ್ಲ ಅಂತ. ಎಷ್ಟ ಮಂದಿ ಮುಂದ ಹೇಳೀನೋ.”

ಅವರು ನನ್ನ ಮುಖ ನೋಡಿದರು.

“ಅವತ್ತ ನೀನೂ ಅಲ್ಲೇ ನಿಂತಿದ್ದೆಲ್ಲ. ಮಾಲಕರ ಬಾಜೂಕ.”

“ಹೌದ್ರಿ.”

“ಒಂದ ಮಾತು ಆಡಲಿಲ್ಲ.”

“ಇಲ್ರಿ.”

ಮಗ್ಗದಿಂದ ಎದ್ದು ಬಂದು ಸೆರಗಿಗೆ ಕೈ ಒರೆಸಿಕೊಂಡರು. “ಆಕಿಗೆ ಫೋನ್ ಹಚ್ಚು. ನೀ ಏನೂ ಮಾತಾಡಬ್ಯಾಡ. ನನ್ನ ಕೈಯಾಗ ಕೊಡು.”

ಹಚ್ಚಿ ಕೊಟ್ಟೆ. ಆ ಕಡೆ ಎರಡೇ ಸಲ ರಿಂಗಾಯಿತು. ಆಪಾ ಎತ್ತಿದರು. ಫೋನು ನನ್ನ ಕೈಯಲ್ಲೇ ಇದೆ ಎಂದುಕೊಂಡು, ಹಲೋ ಅನ್ನುವುದಕ್ಕೂ ಮೊದಲೇ, “ಹೇಳಿದ್ಯೋ ಇಲ್ಲೋ ಆಕಿಗೆ?” ಎಂದು ಕೇಳಿದ್ದು ಕಾಕೂಗೂ ಕೇಳಿಸಿತು, ಪಕ್ಕದಲ್ಲಿ ನಿಂತಿದ್ದ ನನಗೂ ಕೇಳಿಸಿತು.